ಅಂಚಿಗೆ ನಿಂತ ಪಲ್ಸು

ರೇಡಾರಿನ ಪೆಟ್ಟಿಗೆಗಳನ್ನು ಪರೀಕ್ಷೆ ಮಾಡುವ ಕೆಲಸ ಬಹಳ ಗಂಭೀರವಾದದ್ದು ಅಂತ ಜನ ತಿಳಿದಿದ್ದಾರೆ. ಜಾಲಹಳ್ಳಿಯ ನಮ್ಮ ಪುಟ್ಟ ಲ್ಯಾಬಿಗೆ ಒಂದು ದಿನ ಬಂದು ಕೂತರೆ ಆ ಭ್ರಮೆ ಹರಿಯುತ್ತದೆ. ನಮ್ಮ ಪೆಟ್ಟಿಗೆ ಒಂದೇ ಸಮ ಕೂಗುವುದಿಲ್ಲ. ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ನೂರಾರು ಸಲ 'ಟಿಕ್' ಅಂದು ಸುಮ್ಮನಾಗುತ್ತದೆ. ಆ ಟಿಕ್ಕೇ ಪಲ್ಸು. ಅದನ್ನು ಸರಿಯಾದ ಗಳಿಗೆಯಲ್ಲಿ ಹಿಡಿಯುವುದೇ ಟ್ರಿಗರ್. ಹಿಡಿಯುವುದರಲ್ಲಿ ಲ್ಯಾಬಿನ ಮುಖ್ಯಸ್ಥೆ, ನಮ್ಮ ಮೇಡಂ, ನಿಸ್ಸೀಮರು. ನಾವು ಉಳಿದವರು ಹೇಗೆ ಅಂತ ನೀವೇ ನೋಡಿ.

ನಾಯ್ಸೇ ಇಲ್ಲ

ನಮ್ಮ ಎಂಜಿನಿಯರ್ ಒಬ್ಬನಿಗೆ ಸಣ್ಣಪುಟ್ಟ ಗದ್ದಲಕ್ಕೆಲ್ಲ ಪಲ್ಸು ಹಿಡಿಯುವ ಯಂತ್ರ ಟ್ರಿಗರ್ ಆಗುವುದು ಕಂಡು ರೇಗಿಹೋಯಿತು. ಇಷ್ಟು ಜೋರಿದ್ದರೆ ಮಾತ್ರ ಹಿಡಿ ಅನ್ನುವ ಟ್ರಿಗರ್ ಮಟ್ಟವನ್ನು ಏರಿಸಿದ, ಇನ್ನಷ್ಟು ಏರಿಸಿದ. ಪರದೆ ತಣ್ಣಗಾಯಿತು.

"ಮೇಡಂ, ನೋಡಿ, ಒಂಚೂರೂ ನಾಯ್ಸ್ ಇಲ್ಲ!"

ಮೇಡಂ ಕನ್ನಡಕ ಏರಿಸಿ ನೋಡಿದರು. "ಪಲ್ಸೂ ಇಲ್ವಲ್ಲಪ್ಪಾ. ಸೊಳ್ಳೆ ಬರುತ್ತೆ ಅಂತ ನೆಂಟರಿಗೂ ಬಾಗಿಲು ಹಾಕ್ಬಿಟ್ಟಿದ್ದೀಯ."

ಬಿಸಿ ವಡೆ

ಕ್ಯಾಂಟೀನಿಗೆ ನಾವು ಯಾವಾಗ ಹೋದರೂ ವಡೆ ಆರಿರುತ್ತಿತ್ತು, ಇಲ್ಲವೇ ಮುಗಿದಿರುತ್ತಿತ್ತು. ಮೇಡಂ ತಟ್ಟೆಯಲ್ಲಿ ಮಾತ್ರ ಯಾವತ್ತೂ ಹಬೆಯಾಡುವ ವಡೆ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ.

"ಎಕ್ಸ್‌ಟರ್ನಲ್ ಟ್ರಿಗರ್ ಕಣ್ರೀ," ಅಂದರು. "ಬಾಣಲೆಯಿಂದ ಎತ್ತಿದ ತಕ್ಷಣ ಕ್ಯಾಂಟೀನ್ ಅಕ್ಕ ನಂಗೊಂದು ಮಿಸ್ಡ್ ಕಾಲ್ ಕೊಡ್ತಾರೆ. ಸುದ್ದಿ ಮೂಲದಿಂದಲೇ ಬಂದ್ರೆ ಊಹೆ ಮಾಡೋ ಕೆಲಸವೇ ಇಲ್ಲ."

ಎಂಥ ತಲೆ! ನಾವೆಲ್ಲ ಅವತ್ತೇ ಓಡಿಹೋಗಿ ಕ್ಯಾಂಟೀನಿನ ಅಕ್ಕನಿಗೆ ನಂಬರ್ ಕೊಟ್ಟೆವು. ಹೆಸರಘಟ್ಟದ ಕಡೆಯ ಅಕ್ಕ ಸೌಟು ಎತ್ತಿಕೊಂಡೇ ಕೇಳಿದಳು: "ಇಂಗೆ ಎಲ್ರೂ ನಂಬರ್ ಕೊಟ್ರೆ ನಾನು ವಡೆ ಕರೀಲಾ, ಪೋನ್ ಮಾಡ್ಲಾ?"

ಕಾಣೆಯಾದ ಗುಡ್ಡ

ಮೇಡಂ ವರ್ಷಗಟ್ಟಲೆ ಜೀವ ತೇದು ಮಾಡಿದ ಪೆಟ್ಟಿಗೆಯ ಅಂತಿಮ ಪರೀಕ್ಷೆ. ಕೊಳ್ಳುವವರ ಕಡೆಯ ತಪಾಸಣಾಧಿಕಾರಿ ಬಂದಿದ್ದರು. ನಗು ಅನ್ನುವುದನ್ನು ಮನೆಯಲ್ಲೇ ಬಿಟ್ಟು ಬಂದಂತಿದ್ದರು. ಅವರು ಸೈನ್ ಹಾಕದಿದ್ದರೆ ಪೆಟ್ಟಿಗೆ ಬಿಚ್ಚಿ ಮೊದಲಿಂದ ಶುರು.

ಸ್ಪೆಕ್ಟ್ರಮ್ ಪರದೆಯಲ್ಲಿ ಗುಡ್ಡದಂತೆ ಏಳಬೇಕಾದ ಗೆರೆ ಅಂಗಾತ ಮಲಗಿತ್ತು. "ಪವರೇ ಇಲ್ವಲ್ರೀ," ಅಂದರು ಅಧಿಕಾರಿ. ಸೊಳ್ಳೆಯ ಎಂಜಿನಿಯರ್ ಆಗಲೇ ಪೆಟ್ಟಿಗೆ ಬಿಚ್ಚಲು ಸ್ಕ್ರೂಡ್ರೈವರ್ ಹಿಡಿದಿದ್ದ.

"ಅದನ್ನ ಕೆಳಗಿಡು," ಅಂದರು ಮೇಡಂ. "ಹ್ಯಾನಿಂಗ್ ವಿಂಡೋ ಹಾಕಿದ್ದೀಯ ತಾನೆ?"

"ಹೌದು ಮೇಡಂ, ಯಾವಾಗ್ಲೂ ಹಾಕ್ತೀವಲ್ಲ!"

ಮೇಡಂ ಅಧಿಕಾರಿಯತ್ತ ತಿರುಗಿದರು. "ಸರ್, ಈ ವಿಂಡೋ ನಾವು ಹಿಡಿದ ಸಿಗ್ನಲ್ ತುಂಡಿನ ಮಧ್ಯಭಾಗ ಉಳಿಸ್ಕೊಂಡು ಎರಡೂ ಅಂಚನ್ನ ತೇದು ಸೊನ್ನೆ ಮಾಡುತ್ತೆ. ಟ್ರಿಗರ್ ನೋಡಿದ್ರೆ ಪಲ್ಸನ್ನ ಸರಿಯಾಗಿ ಅಂಚಿಗೇ ತಂದು ನಿಲ್ಲಿಸಿದೆ. ಪಲ್ಸ್ ಇದೆ. ಒರೆಸ್ತಾ ಇರೋದು ನಾವು."

ಗುಂಡಿ ತಿರುಗಿಸಿ ಪಲ್ಸನ್ನು ನಡುವಿಗೆ ಸರಿಸಿದರು. ಗುಡ್ಡ ಎದ್ದು ನಿಂತಿತು! ಅಧಿಕಾರಿ ತಾವೇ ಗುಂಡಿ ಹಿಡಿದು ಅಂಚಿಗೆ ತಂದರು, ಮಾಯ. ನಡುವಿಗೆ ತಂದರು, ಹಾಜರ್. ಹೊಸ ಆಟಿಕೆ ಸಿಕ್ಕ ಮಗುವಿನಂತೆ ಆಡಿಸಿ ಆಡಿಸಿ, ಕೊನೆಗೆ ಸೈನ್ ಹಾಕಿದರು. ನನಗೆ ಮೇಡಂ ಕಾಲಿಗೆ ಬೀಳಬೇಕು ಅನ್ನಿಸಿತು.

ಆಮೇಲೆ ಪೆಟ್ಟಿಗೆಯ ಜೊತೆ ಗ್ರೂಪ್ ಫೋಟೋ. ನಾವೆಲ್ಲ ನುಗ್ಗಿ ನಡುವೆ ನಿಂತೆವು, ಸ್ಕ್ರೂಡ್ರೈವರ್ ವೀರ ಎಲ್ಲರಿಗಿಂತ ಮುಂದೆ. ಮೇಡಂ ಎಂದಿನಂತೆ ಸಾಲಿನ ಕೊನೆಯಲ್ಲಿ, ಬೀರುವಿನ ಹಿಂದೆ ಅರ್ಧ ಮರೆಯಾಗಿ ನಿಂತರು.

ಅಧಿಕಾರಿ ಕೈ ಅಡ್ಡ ಹಿಡಿದು ಫೋಟೋ ನಿಲ್ಲಿಸಿದರು. ಅವತ್ತು ಮೊದಲ ಸಲ ಅವರ ಹಲ್ಲು ಕಂಡಿತು.

"ಮೇಡಂ, ಅಂಚಲ್ಲಿ ನಿಂತ್ರೆ ನೀವು ಸೊನ್ನೆ. ಮಧ್ಯಕ್ಕೆ ಬನ್ನಿ, ಇಲ್ದಿದ್ರೆ ನನ್ನ ಸೈನ್ ವಾಪಸ್ ತಗೋತೀನಿ!"