ಬದುವಿನಾಚೆ ಹಾಡುವ ಫೋನು

ಹಾಡು ಕೇಳಲು ದಿನಾ ಬೇರೆ ರಾಜ್ಯಕ್ಕೆ ಹೋಗಿಬರುವ ಮನುಷ್ಯ ನಮ್ಮ ತಾಳವಾಡಿ ಸೀಮೆಯಲ್ಲಿ ಒಬ್ಬನೇ ಇದ್ದಾನೆ. ಅವನು ನನ್ನ ಸೋದರಮಾವ ಎಂದು ಹೇಳಿಕೊಳ್ಳಲು ನನಗೆ ಬಹಳ ದಿನ ನಾಚಿಕೆಯಿತ್ತು. ದೂರವೇನಿಲ್ಲ ಬಿಡಿ. ಗೆಟ್ಟವಾಡಿಯಲ್ಲಿ ಅವನ ಮೆಕ್ಕೆಜೋಳದ ಹೊಲ ಮುಗಿಯುವ ಬದುವಿನಾಚೆಯೇ ಕರ್ನಾಟಕ. ಸಂಜೆಯಾದರೆ ಮಾವ ಪಂಚೆ ಎತ್ತಿ ಕಟ್ಟಿ, ಬದು ದಾಟಿ, ಪಕ್ಕದವರ ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತುಬಿಡುತ್ತಾನೆ. ನೋಡಿದವರು ಏನೆಂದುಕೊಳ್ಳಬೇಕು ಹೇಳಿ!

ಆ ಹಾಡು ನಮ್ಮತ್ತೆಯದು. ಕೆಲವು ವರ್ಷದ ಕೆಳಗೆ ಆ ಕಡೆಯ ಒಂದು ಹಾಡಿನ ಕಂಪನಿಯವರು ಬಂದು, ಮಾವನ ಜಗಲಿಯ ಮೇಲೆ ಹೆಂಗಸರನ್ನೆಲ್ಲ ಕೂರಿಸಿ ಸೋಬಾನೆ ಪದ ರೆಕಾರ್ಡ್ ಮಾಡಿಕೊಂಡು ಹೋದರು. ಮುಂದೆ ನಿಂತು ಹೇಳಿಕೊಟ್ಟವಳು ಅತ್ತೆ. ಆಮೇಲೆ ಅತ್ತೆ ತೀರಿಕೊಂಡಳು. ದಿನಾ ಕೇಳುವ ದನಿಯನ್ನು ಯಾರಾದರೂ ಎತ್ತಿಡುತ್ತಾರೆಯೇ? ನಮ್ಮ ಯಾರ ಫೋನಿನಲ್ಲೂ ಅದಿರಲಿಲ್ಲ, ಕಂಪನಿಯ ಆ್ಯಪಿನಲ್ಲಿ ಮಾತ್ರ ಇತ್ತು. ಮಾವ ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಕೂತು ದುಡ್ಡು ಕಟ್ಟಿ ಅದನ್ನು ಕೊಂಡ. ಮನೆಗೆ ಬಂದು ಒತ್ತಿದರೆ ‘ಈ ಹಾಡು ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’ ಎಂದು ಬಂತು. ಅತ್ತೆ ಹಾಡಿದ ಅದೇ ಜಗಲಿಯ ಮೇಲೆ!

ಮಾವ ಕಂಪನಿಗೆ ಫೋನ್ ಮಾಡಿದ. ಎತ್ತಿದ ಹುಡುಗಿ, ಪಾಪ, ಮಾರುವ ಹಕ್ಕು ಕರ್ನಾಟಕಕ್ಕೆ ಮಾತ್ರ ಇದೆ, ಅಲ್ಲಿರುವಾಗ ಕೇಳಿ ಸಾರ್ ಎಂದಳು.

“ನಾನು ಮನೆ ಒತ್ಕಂಡು ಬರ್ಲಾ ತಾಯಿ, ಇಲ್ಲ ನೀವೇ ಗಡಿ ಸರ್ಸೀರಾ?” ಎಂದು ಮಾವ ಬಹಳ ವಿನಯದಿಂದ ಕೇಳಿದ. ಇನ್ನೇನಾದರೂ ಸಹಾಯ ಬೇಕೇ ಎಂದು ಅವಳೂ ಅಷ್ಟೇ ವಿನಯದಿಂದ ಕೇಳಿದಳು.

ನಾನು ಬುದ್ಧಿ ಹೇಳಲು ಹೋದೆ. ತಾಳವಾಡಿಯ ಮೊಬೈಲ್ ಅಂಗಡಿಯವನು ಎಂಥ ಬೀಗವನ್ನೂ ಮುರಿದು ಮೆಮೊರಿ ಕಾರ್ಡಿಗೆ ಹಾಕಿಕೊಡುತ್ತಾನೆ, ದಿಂಬಂ ಘಾಟಿಯ ಟೀ ಅಂಗಡಿಗಳಲ್ಲಿ ಬಡಿಯುವ ಹಾಡೆಲ್ಲ ಅವನ ಕೃಪೆಯೇ ಎಂದೆ. ಕದ್ದವರು ಎಲ್ಲಿ ಬೇಕಾದರೂ ಕೇಳಬಹುದು, ಕೊಂಡವನೊಬ್ಬ ಬದು ಹಾರಬೇಕು ಎಂದರೆ ಇದ್ಯಾವ ನ್ಯಾಯ?

“ಕಾಸ್ ಕೊಟ್ಟು ತಕಂಡಿವ್ನಿ ಕಣ್ಲಾ. ನಿಮ್ಮತ್ತೆನ ಕದ್ದ ಮಾಲು ಮಾಡ್ಬುಟ್ಟು ಕೇಳ್ಲಾ?” ಎಂದ ಮಾವ.

ಮೊನ್ನೆ ಅವನ ಮಗಳ ಮದುವೆ ಬಂತು. ಎಣ್ಣೆ ಅರಿಶಿನ ಹಚ್ಚುವಾಗ ಸೋಬಾನೆ ಹೇಳಬೇಕಲ್ಲ? ಮಗಳಿಗೆ ಅವಳವ್ವನೇ ಹೇಳಬೇಕು ಎಂದು ಮಾವ ಹಟ ಹಿಡಿದ. ಹಾಗಾದರೆ ಚಪ್ಪರ ಎಲ್ಲಿ? ಬದುವಿನಾಚೆ! ಪಕ್ಕದ ಹೊಲದವರನ್ನು ಒಪ್ಪಿಸಿ, ಹಸೆಮಣೆ ಹೊತ್ತು, ನೆಂಟರನ್ನೆಲ್ಲ ಬದು ಹತ್ತಿಸಿ ಇಳಿಸಿದ. ಮಂಡಿನೋವಿನ ಅಜ್ಜಿಯರ ಬೈಗುಳ ಮಾತ್ರ ಎರಡೂ ರಾಜ್ಯಗಳಲ್ಲಿ ಲಭ್ಯವಿತ್ತು.

ಅತ್ತೆಯ ದನಿ ಎದ್ದಿತು. ಎಣ್ಣೆತಲೆಯ ಹುಡುಗಿ ಬಿಕ್ಕಿದಳು. ಎರಡು ನುಡಿ ಆಗುವಷ್ಟರಲ್ಲಿ ಫೋನು ಸುಮ್ಮನಾಯಿತು. ಕೊಂಡವರು ನೀವೇ ಎಂದು ತೋರಿಸಿ, ಒಟಿಪಿ ಹಾಕಿ ಎಂದಿತು. ಆಚೆ ಹಾಡುತ್ತಿದ್ದುದು ಪಕ್ಕದ ಹೊಲದವರ ವೈಫೈಯಲ್ಲಿ; ಒಟಿಪಿ ಬರಬೇಕಾದ ಮಾವನ ಸಿಮ್ಮಿಗೆ ಸಿಗ್ನಲ್ ಸಿಗುವುದೋ ಬದುವಿನ ಈಚೆ! ನಾನು ಫೋನ್ ಹಿಡಿದು ಈಚೆಗೆ ಓಡಿದೆ. ಒಟಿಪಿ ಬಂತು, ಆದರೆ ಆ್ಯಪು ‘ನಿಮ್ಮ ಪ್ರದೇಶದಲ್ಲಿ’ ಎಂದು ಶುರುಮಾಡಿತು. ಆಚೆಗೆ ಓಡಿ ಒತ್ತುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿತ್ತು.

ಹೆಂಗಸರು ಮುಖ ಮುಖ ನೋಡಿಕೊಂಡರು. ಆಗ ಒಂದು ಒಡಕು ಗಂಟಲು ಕೇಳಿಸಿತು. ಗಂಡಸರು ಸೋಬಾನೆ ಹೇಳುವುದುಂಟೇ? ಅಷ್ಟು ದಪ್ಪ ಮೀಸೆಯ ಮಾವ ಅರಿಶಿನದ ಬಟ್ಟಲು ಹಿಡಿದು, ಅತ್ತೆ ನಿಂತ ನುಡಿಯಿಂದಲೇ ಹೇಳತೊಡಗಿದ್ದ. ಅವಳು ಉಸಿರು ತೆಗೆದುಕೊಳ್ಳುತ್ತಿದ್ದ ಕಡೆಯೇ ಅವನೂ ತೆಗೆದುಕೊಂಡ. ಒಬ್ಬೊಬ್ಬರಾಗಿ ಹೆಂಗಸರು ದನಿಗೂಡಿಸಿದರು. ಹೇಳುತ್ತಲೇ ಮಗಳನ್ನು ಎಬ್ಬಿಸಿ, ಬದು ದಾಟಿಸಿ, ತನ್ನ ಜಗಲಿಯ ಮೇಲೆ ತಂದು ಕೂರಿಸಿದ. ಕೊನೆಯ ನುಡಿ ಅಲ್ಲೇ ಮುಗಿಯಿತು.

“ಈಗ ಇಲ್ಲೂ ಸಿಕ್ತದೆ ಅಂತ ಆ ಕಂಪ್ನಿ ಉಡ್ಗಿಗೆ ಏಳ್ಲಾ,” ಎಂದ ನನಗೆ.

ಅವನ ಎರಡು ಕೈಯೂ ಅರಿಶಿನವಾಗಿತ್ತು. ಕಣ್ಣನ್ನು ಮಗಳೇ ಒರೆಸಿದಳು.