ಎರಡು ಪುರಸಭೆಗಳ ನಡುವಿನ ಮಾಮಾ

ನಮ್ಮ ಸೋದರಮಾವನ ತಲೆ ಎರಡು ಪುರಸಭೆಗಳ ಗಡಿಯಲ್ಲಿದೆ, ಅದಕ್ಕೇ ಅದರ ರಿಪೇರಿಗೆ ಯಾರೂ ಮುಂದೆ ಬರುವುದಿಲ್ಲ ಎಂದು ನಮ್ಮ ಓಣಿಯವರು ಹೇಳುತ್ತಿದ್ದರು. ಅವರನ್ನೇಕೆ ದೂರಲಿ? ನಾನೂ ಹೇಳುತ್ತಿದ್ದೆ!

ಇಳಕಲ್ಲಿನ ಆಚೆ, ಬೆಳೆಯುತ್ತ ಬೆಳೆಯುತ್ತ ಮೈಗೆ ಮೈ ತಾಗಿಸಿಕೊಂಡ ಎರಡು ಸಣ್ಣ ಪಟ್ಟಣಗಳಿವೆ. ಹೆಸರು ಬೇಡ, ನಮ್ಮ ನಳದ ನೀರು ನಿಂತೀತು! ನಮ್ಮ ಮನೆ ಒಂದರ ಕೊನೆಗೆ, ಮಾಮಾನ ಮನೆ ಇನ್ನೊಂದರ ಮೊದಲಿಗೆ. ನಡುವೆ ಕೂಗಳತೆಯ ದೂರ. ಎರಡೂ ಪುರಸಭೆಗಳು ತಂತಮ್ಮ ಗಡಿಯವರೆಗೆ ಕಾಂಕ್ರೀಟ್ ರಸ್ತೆ ಹಾಕಿ, ಮುನಿಸಿಕೊಂಡ ಬೀಗರ ಹಾಗೆ ಎದುರುಬದುರು ನಿಂತುಬಿಟ್ಟಿದ್ದವು. ಮಧ್ಯೆ ಹತ್ತು ಹೆಜ್ಜೆಯ ತಗ್ಗು. ಎಮ್ಮೆಗಳಿಗೆ ಭಾಳ ಅನುಕೂಲ!

ಸರ್ವೇಯರ್ ಕೆಲಸದಿಂದ ನಿವೃತ್ತರಾಗಿದ್ದ ಮಾಮಾ ಈ ತಗ್ಗಿನ ಬೆನ್ನು ಹತ್ತಿದರು. ಮೊದಲು ತಮ್ಮೂರಿನ ಪುರಸಭೆಗೆ ಹೋದರು.

“ಆ ತಗ್ಗು ನಮ್ಮ ನಕಾಶಿದಾಗ ಇಲ್ರಿ,” ಎಂದರು ಅಲ್ಲಿನ ಎಂಜಿನಿಯರು.

ನಮ್ಮೂರಿನ ಎಂಜಿನಿಯರು, “ನಮ್ಮದ್ರಾಗೂ ಇಲ್ಲಲ್ರಿ,” ಎಂದರು.

“ಹಂಗಾರ ನಿನ್ನೆ ನಾ ಬಿದ್ದದ್ದೆಲ್ಲಿ?” ಎಂದು ಮಾಮಾ ಧೋತರ ಎತ್ತಿ ತರಚಿದ ಮೊಣಕಾಲನ್ನು ಮೇಜಿನ ಮೇಲೇ ಇಟ್ಟರಂತೆ.

ಎಂಜಿನಿಯರುಗಳಿಬ್ಬರೂ ಕೂಡಿ ಕುಳಿತರೆ ಮುಗಿಯುವ ಕೆಲಸ. ಆದರೆ ಯಾರು ಯಾರ ಕಚೇರಿಗೆ ಹೋಗಬೇಕು? ಅದರಲ್ಲೇ ಎಂಟು ತಿಂಗಳು ಹೋದವು. ಕೊನೆಗೆ ಮಾಮಾ ತಗ್ಗಿನ ಎರಡೂ ದಂಡೆಗೆ ಕುರ್ಚಿ ಹಾಕಿಸಿದರು. ಈ ಕಡೆಯಿಂದ ಗಿರಮಿಟ್ಟು, ಆ ಕಡೆಯಿಂದ ಚಹಾ. ಎಂಜಿನಿಯರುಗಳಿಬ್ಬರೂ ಹೊಲ ಕಾಯುವವರಂತೆ ಕೂಗಿ ಕೂಗಿ ಮಾತಾಡಿದರು. ಅರ್ಧರ್ಧ ರಸ್ತೆ ಎಂದು ಒಪ್ಪಿಗೆಯೂ ಆಯಿತು. ಆದರೆ ಸಹಿ ಯಾರದು ಮೊದಲು?

“ಎರಡು ಪ್ರತಿ ಅದಾವ. ನಾ ಮೂರು ಅಂದಕೂಡ್ಲೆ ಇಬ್ರೂ ಒಮ್ಮೆಗೇ ಗೀಚ್ರಿ!” ಎಂದರು ಮಾಮಾ.

ಮೂರು ಅಂದರು. ಒಬ್ಬರ ಪೆನ್ನು ಬರೆಯಲೇ ಇಲ್ಲ! ಇನ್ನೊಬ್ಬರು ತಮ್ಮದನ್ನು ತಗ್ಗಿನಾಚೆ ಎಸೆದರು. ಎರಡು ಪುರಸಭೆಗಳ ನಡುವೆ ನಾನು ಕಣ್ಣಾರೆ ಕಂಡ ಮೊದಲ ಸಹಕಾರ ಅದು.

ರಸ್ತೆಯಾಯಿತು. ಉದ್ಘಾಟನೆಗೆ ಎರಡು ರಿಬ್ಬನ್ನು, ಎರಡು ಕತ್ತರಿ, ಎರಡು ಭಾಷಣ. ಸನ್ಮಾನಕ್ಕೆ ಕರೆದರೆ ಮಾಮಾ ಪತ್ತೆಯೇ ಇಲ್ಲ!

ಹುಡುಕುತ್ತ ನಮ್ಮ ಮನೆಗೆ ಬಂದೆ. ಎಲ್ಲಿಂದಲೋ ತಂದ ಗಾಲಿಕುರ್ಚಿ ಹಿಡಿದು ಅವರು ಅವ್ವನ ಮುಂದೆ ನಿಂತಿದ್ದರು. ಲಕ್ವಾ ಹೊಡೆದು ಕಾಲು ಬಿದ್ದಾಗಿನಿಂದ ಎರಡು ವರ್ಷ ಅವ್ವ ಹೊಸ್ತಿಲು ದಾಟಿರಲಿಲ್ಲ. ಎತ್ತಿಕೊಂಡು ಹೋಗುತ್ತೇವೆಂದರೆ, “ಹೆಣ ಹೊತ್ತಂಗ ಹೊರಬ್ಯಾಡ್ರಿ,” ಎಂದು ಮುಖ ತಿರುಗಿಸುತ್ತಿದ್ದಳು.

“ನಡಿ ಅಕ್ಕಾ, ತವರಮನಿಗೆ ಹೋಗೂಣು,” ಎಂದರು ಮಾಮಾ.

ಅವ್ವ ಸೀರೆ ಬದಲಿಸಿದಳು. ಮಾಮಾ ಹೊಸ ರಸ್ತೆಯ ಮೇಲೆ ಕುರ್ಚಿಯನ್ನು ಸ್ವತಃ ತಳ್ಳಿದರು, ನನಗೆ ಮುಟ್ಟಲೂ ಬಿಡಲಿಲ್ಲ. ತಾನು ಹುಟ್ಟಿದ ಮನೆಯ ಬಾಗಿಲಿಗೆ ಬಂದು ಅವ್ವ ಚೌಕಟ್ಟಿನ ಮೇಲೆ ಕೈಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, “ನೀ ಹೋಗೋ. ನಾ ಸಂಜೀಕ ಬರ್ತೇನಿ,” ಎಂದಳು.

ಎಲ್ಲಿಗೂ ಹೋಗದವಳು ‘ಬರ್ತೇನಿ’ ಎನ್ನುವುದಾದರೂ ಹೇಗೆ? ಎರಡು ವರ್ಷದಿಂದ ಆ ಮಾತನ್ನು ಅವಳ ಬಾಯಿಂದ ನಾವು ಕೇಳಿರಲಿಲ್ಲ.