ಒಂಟಿ ನಾಯಿ, ತೇಲಿದ ಮೇಜು ಮತ್ತು ದೋಣಿಯಲ್ಲಿ ಜಾಗದ ಪ್ರಶ್ನೆ

ಸರೋವರ ಶಿಬಿರ ಮೈದಾನಗಳ ಇಲಾಖೆ
ಬೆಂಟ್ ಪ್ಯಾಡಲ್ ಸರೋವರ ಘಟಕ, ಮಿನೆಸೋಟಾ

ಸಂಖ್ಯೆ: ಸಶಿಮೈ/ನಾಯಿ/ಒಂಟಿ/ಮತ್ತೊಮ್ಮೆ

ಸುತ್ತೋಲೆ

ವಿಷಯ: ನಾಯಿಗಳನ್ನು ಶಿಬಿರದಲ್ಲಿ ಕಟ್ಟಿಹಾಕಿ ತಾವು ಮೀನು ಹಿಡಿಯಲು ಹೋಗುವ ಬಗ್ಗೆ, ಹಾಗೂ ‘ಒಂಟಿ’ ಎಂಬ ಪದದ ಅರ್ಥವನ್ನು ಕೊನೆಯ ಬಾರಿಗೆ ತಿಳಿಸುವ ಬಗ್ಗೆ.

ಉಲ್ಲೇಖ:
(ಅ) ಹೆಬ್ಬಾಗಿಲ ಫಲಕ. ಎಲ್ಲರೂ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಯಾರೂ ಓದುವುದಿಲ್ಲ.
(ಆ) ಶ್ರೀಮತಿ ಲೋಯಿಸ್ ಗ್ರಾಂಕ್ವಿಸ್ಟ್ ಅವರ ದೂರು. ದಡದಿಂದ ಕೂಗಿ ಸಲ್ಲಿಸಿದ್ದು.
(ಇ) ಮೇಲಿನ ಕಚೇರಿಯ ಎಚ್ಚರಿಕೆ.

‘ನಾಯಿಯನ್ನು ಒಂಟಿಯಾಗಿ ಬಿಟ್ಟು ಹೋಗತಕ್ಕದ್ದಲ್ಲ’ ಎಂದು ಉಲ್ಲೇಖ (ಅ)ರಲ್ಲಿ ದಪ್ಪ ಅಕ್ಷರದಲ್ಲಿ ಬರೆಯಲಾಗಿದೆ. ಹೀಗಿದ್ದೂ ಕಳೆದ ಶನಿವಾರ ಶ್ರೀ ಆರ್ವಿಡ್ ಹಾಗೆನ್ ಎಂಬುವರು ತಮ್ಮ ಎರಡು ನಾಯಿಗಳನ್ನು, ಅಂದರೆ ಕರುವಿನಷ್ಟಿರುವ ವ್ಯಾಫಲ್ ಮತ್ತು ಕಾಲುಚೀಲದಷ್ಟಿರುವ ಬಟನ್ ಅನ್ನು, ಊಟದ ಮೇಜಿನ ಕಾಲಿಗೆ ಕಟ್ಟಿ, ಮೋಟಾರು ದೋಣಿ ಏರಿ ಮೀನಿಗೆ ಹೊರಟಿರುತ್ತಾರೆ. ದೋಣಿ ತಿರುವಿನಲ್ಲಿ ಮರೆಯಾದ ಕೂಡಲೇ ವ್ಯಾಫಲ್ ಎದ್ದು ಮಾಲೀಕರ ಹಿಂದೆ ಹೊರಟಿರುತ್ತದೆ. ಮೇಜೂ ಹೊರಟಿರುತ್ತದೆ. ಇಳಿಜಾರು, ಒದ್ದೆ ಹುಲ್ಲು, ಆಮೇಲೆ ನೀರು. ಬಟನ್ ಮೇಜಿನ ಮೇಲೆ ನಿಂತು ದಾರಿ ತೋರಿಸುತ್ತಿತ್ತು. ಅದೇ ಮೇಜಿನ ಮೇಲೆ ಆಲೂಗಡ್ಡೆ ಸಲಾಡ್ ಇಟ್ಟು ಚಮಚ ತರಲು ಹೋಗಿದ್ದ ಶ್ರೀಮತಿ ಗ್ರಾಂಕ್ವಿಸ್ಟ್ ಅವರು, ‘ಅಯ್ಯೋ, ನನ್ನ ಸಲಾಡು ಹೊರಟೇ ಹೋಯ್ತಲ್ರೀ! ಯಾರಾದ್ರೂ ಹಿಡೀರಿ! ನಾಯಿನಲ್ಲ, ಸಲಾಡ್ನ!’ ಎಂದು ದೂರು ದಾಖಲಿಸಿರುತ್ತಾರೆ.

ಇನ್ನೊಂದೇ ಒಂದು ದೂರು ಬಂದರೂ ಮುಂದಿನ ಬೇಸಿಗೆಯಿಂದ ಈ ಶಿಬಿರಕ್ಕೆ ನಾಯಿಗಳಿಗೆ ಪ್ರವೇಶವಿಲ್ಲ, ಮನುಷ್ಯರಿಗೆ ಮಾತ್ರ ಎಂದು ಮೇಲಿನ ಕಚೇರಿ ತಿಳಿಸಿದೆ. ಬರೀ ಮನುಷ್ಯರೇ ಇರುವ ಶಿಬಿರವನ್ನು ಸಹಿಸಿಕೊಳ್ಳುವ ಶಕ್ತಿ ಈ ಘಟಕಕ್ಕೆ ಇಲ್ಲ. ಆದ್ದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ. ಕಿವಿ ಇದ್ದವರು ಕೇಳತಕ್ಕದ್ದು.

೧. ‘ಒಂಟಿ ಎಲ್ಲಿ ಬಂತೋ ತಮ್ಮಾ? ಎರಡಿದಾವಲ್ಲ! ಅದನ್ನ ಇದು ನೋಡ್ಕೊಳ್ಳುತ್ತೆ, ಇದನ್ನ ಅದು ನೋಡ್ಕೊಳ್ಳುತ್ತೆ’ ಎಂಬ ಶ್ರೀ ಹಾಗೆನ್ ಅವರ ವಾದವನ್ನು ತಿರಸ್ಕರಿಸಲಾಗಿದೆ. ಇಬ್ಬರಲ್ಲಿ ಉಸ್ತುವಾರಿ ಯಾರದು ಎಂದು ವಿಚಾರಿಸಿದಾಗ ಎರಡೂ ನಾಯಿಗಳು ಪಕ್ಕದವರ ಸಾಸೇಜ್ ಕಡೆ ನೋಡಿರುತ್ತವೆ.

೨. ಕೆಳಕಂಡವುಗಳನ್ನು ನಾಯಿಯ ಜೊತೆಗಾರರೆಂದು ಪರಿಗಣಿಸಲಾಗುವುದಿಲ್ಲ: ಹಾಡುತ್ತಿರುವ ರೇಡಿಯೋ, ಕುರ್ಚಿಗೆ ತೊಡಿಸಿದ ಕೋಟು ಮತ್ತು ಟೋಪಿ, ತೂಗುಮಂಚದಲ್ಲಿ ಗೊರಕೆ ಹೊಡೆಯುತ್ತಿರುವ ಅಜ್ಜ. ಅಜ್ಜ ಎಚ್ಚರವಾಗಿದ್ದಾರೆಂದು ವಾದಿಸುವವರು ಒಂದು ಸಾಸೇಜನ್ನು ನೆಲಕ್ಕೆ ಬೀಳಿಸತಕ್ಕದ್ದು. ನಾಯಿಗಿಂತ ಮೊದಲು ಅಜ್ಜ ತಲುಪಿದರೆ ಮಾತ್ರ ವಾದವನ್ನು ಎತ್ತಿಹಿಡಿಯಲಾಗುವುದು.

೩. ನಾಯಿ ಕಟ್ಟುವ ಮಟ್ಟಿಗೆ ಊಟದ ಮೇಜು ಮರವಲ್ಲ. ಅದು ಹಿಂದೆ ಮರವಾಗಿತ್ತು ಎಂಬುದು ಸಮಜಾಯಿಷಿಯಾಗುವುದಿಲ್ಲ. ನಾಯಿ ಎಳೆದುಕೊಂಡು ನೀರಿಗಿಳಿದ ಕ್ಷಣದಿಂದ ಮೇಜನ್ನು ದೋಣಿಯೆಂದು ಭಾವಿಸತಕ್ಕದ್ದು. ಅದರ ಮೇಲಿರುವ ನಾಯಿ ತೇಲುವ ಅಂಗಿ ಧರಿಸಿರಬೇಕು. ಸಲಾಡಿಗೆ ಇದರಿಂದ ವಿನಾಯಿತಿ ನೀಡಲಾಗಿದೆ.

೪. ‘ನಮ್ಮೋನು ಏನೂ ಮಾಡಲ್ಲ ರೀ, ತುಂಬಾ ಸಾಧು’ ಎಂಬ ಹೇಳಿಕೆಯನ್ನು ಘಟನೆಗೆ ಮುಂಚೆ ನೀಡತಕ್ಕದ್ದು. ಹಗ್ಗ ಹಿಡಿದು ಹುಲ್ಲಿನ ಮೇಲೆ ಹೊಟ್ಟೆ ಅಡಿಯಾಗಿ ಜಾರಿಕೊಂಡು ಹೋಗುತ್ತಿರುವಾಗ ನೀಡಿದ ಹೇಳಿಕೆಯನ್ನು ಮಾನ್ಯ ಮಾಡಲಾಗುವುದಿಲ್ಲ.

೫. ‘ಇಗೋ ಈಗ ಬಂದ್ಬಿಡ್ತೀನಿ’ ಎಂದು ನಾಯಿಗೆ ಹೇಳುವುದನ್ನು ನಿಷೇಧಿಸಲಾಗಿದೆ. ನಾಯಿ ಅದನ್ನು ನಂಬುತ್ತದೆ. ನೀವು ಬರುವುದಿಲ್ಲ. ಅದು ಊಳಿಡುತ್ತದೆ. ಅದಕ್ಕೆ, ತಾನೂ ಊಳಿಡುವಂತೆ ಕೂಗುವ ಸರೋವರದ ಲೂನ್ ಹಕ್ಕಿ ಉತ್ತರ ಕೊಡುತ್ತದೆ, ಹಕ್ಕಿಗೆ ಮತ್ತೆ ನಾಯಿ. ಇವರ ನಡುವಿನ ಈ ಪತ್ರವ್ಯವಹಾರ ಮುಗಿಯುವುದೇ ಇಲ್ಲ. ಲೂನ್ ಹಕ್ಕಿ ಇಲ್ಲಿನ ಖಾಯಂ ನಿವಾಸಿಯಾದ್ದರಿಂದ ಅದರ ಮೇಲೆ ಕ್ರಮ ಜರುಗಿಸಲು ಅವಕಾಶವಿರುವುದಿಲ್ಲ.

೬. ನಾಯಿಯನ್ನು ಕಾರಿನೊಳಗೆ ಬಿಡುವುದನ್ನೂ ನಿಷೇಧಿಸಲಾಗಿದೆ. ಕಾರು ಚಾಲೂ ಇದೆ, ತಂಪಾಗಿದೆ ಎಂದರೂ ಇಲ್ಲ. ನಾಯಿ ಗುಂಡಿ ತುಳಿದು ಒಳಗಿನಿಂದ ಬೀಗ ಹಾಕಿಕೊಂಡ, ಬೀಗದ ಕೈಯೂ ಒಳಗೇ ಇದ್ದ, ಮಾಲೀಕರು ಚಡ್ಡಿಯಲ್ಲಿ ಹೊರಗೆ ನಿಂತು ‘ಟ್ರಿಕ್ಸೀ, ಬಂಗಾರ, ಆ ಗುಂಡಿ ಒತ್ತೇ! ಅದಲ್ಲ ಕಣೇ, ಅದು ಹಾರನ್ನು!’ ಎಂದು ಬೇಡಿಕೊಂಡ ಪ್ರಕರಣ ಈ ಘಟಕದ ಗಮನಕ್ಕೆ ಬಂದಿದೆ. ಇಂಥ ಸಂದರ್ಭದಲ್ಲಿ ಡೇರೆಯ ಜಾಗವನ್ನು ನಾಯಿಯ ಹೆಸರಿಗೆ ವರ್ಗಾಯಿಸಿ, ಒಂಟಿಯಾಗಿ ಬಿಡಲ್ಪಟ್ಟಿರುವುದು ಮಾಲೀಕರೇ ಎಂದು ಘೋಷಿಸಲಾಗುವುದು. ಅವರಿಗೆ, ನಾಯಿಗಳಿಗಿರುವ ನಿಯಮದಂತೆಯೇ, ಆರಡಿಗಿಂತ ಉದ್ದವಲ್ಲದ ಹಗ್ಗ ಕಟ್ಟತಕ್ಕದ್ದು.

೭. ನಾಯಿಯನ್ನು ಈ ಘಟಕದ ಜಗಲಿಗೆ ಕಟ್ಟಿ, ಶಿಬಿರ ಪಾಲಕನಿಗೆ ಕಣ್ಣು ಮಿಟುಕಿಸಿ ಓಡಿ ಹೋಗುವುದನ್ನು ‘ಒಪ್ಪಿಸಿ ಹೋಗುವುದು’ ಎಂದು ಕರೆಯಲು ಬರುವುದಿಲ್ಲ. ಪಾಲಕನಿಗೆ ಶೌಚಾಲಯ ತೊಳೆಯುವುದಿದೆ, ಸೌದೆ ಸೀಳುವುದಿದೆ, ನಿಮಗೆ ಓದಲು ಬಾರದ ಫಲಕಗಳಿಗೆ ಬಣ್ಣ ಹಚ್ಚುವುದಿದೆ. ನಾಯಿಗಳು ತಾವಾಗಿಯೇ ಬಂದು ಜಗಲಿಯಲ್ಲಿ ಮಲಗಿದರೆ ಅದು ಬೇರೆ ವಿಷಯ. ಅದು ಅವುಗಳ ಇಷ್ಟ.

೮. ಕೊನೆಯದಾಗಿ, ನಾಯಿಗಳನ್ನು ಜೊತೆಗೇ ಕರೆದೊಯ್ಯಬಾರದೇಕೆ ಎಂದು ಕೇಳಲಾಗಿ, ‘ದೋಣೀಲಿ ಜಾಗ ಎಲ್ಲಿದೆ ಮಾರಾಯ?’ ಎಂದು ಶ್ರೀ ಹಾಗೆನ್ ಅವರು ಉತ್ತರಿಸಿರುತ್ತಾರೆ. ಸ್ಥಳ ಪರಿಶೀಲನೆ ನಡೆಸಲಾಯಿತು. ಬಟನ್‌ಗೆ ಮಡಿಲು ಸಾಕು. ವ್ಯಾಫಲ್ ಕೂರಬಹುದಾದ ಜಾಗದಲ್ಲಿ ಬಿಯರ್ ತುಂಬಿದ ಐಸ್ ಪೆಟ್ಟಿಗೆ ಕೂತಿರುವುದು ಕಂಡುಬಂದಿದೆ. ಆದ್ದರಿಂದ ಈ ಮೂಲಕ ಸ್ಪಷ್ಟಪಡಿಸುವುದೇನೆಂದರೆ, ಐಸ್ ಪೆಟ್ಟಿಗೆಯನ್ನು ಶಿಬಿರದಲ್ಲಿ ಒಂಟಿಯಾಗಿ ಬಿಟ್ಟು ಹೋಗಬಹುದು. ಅದು ಅಳುವುದಿಲ್ಲ. ನಿಮ್ಮ ಹಿಂದೆ ಈಜಿಕೊಂಡೂ ಬರುವುದಿಲ್ಲ.

ಈ ಸುತ್ತೋಲೆ ಅಂಟಿಸಿದ ಅಂಟು ಒಣಗುವ ಮೊದಲೇ ಜಾರಿಗೆ ಬರತಕ್ಕದ್ದು.

(ಸಹಿ)
ಡಾರೆಲ್ ಓಲ್‌ಸ್ಟಾಡ್
ಪ್ರಭಾರ ಶಿಬಿರ ಪಾಲಕ

ಪ್ರತಿಗಳು:

– ಮೇಲಿನ ಕಚೇರಿಗೆ, ಮಾಹಿತಿಗಾಗಿ. ನಾಯಿಗಳಿಗೆ ಪ್ರವೇಶವಿಲ್ಲವೆಂದು ಬರೆಸಲು ಹೆಬ್ಬಾಗಿಲ ಫಲಕಕ್ಕೆ ಕೈ ಹಚ್ಚದಿರಲು ವಿನಂತಿ.

– ಶ್ರೀಮತಿ ಲೋಯಿಸ್ ಗ್ರಾಂಕ್ವಿಸ್ಟ್ ಅವರಿಗೆ, ಬಟ್ಟಲಿನ ಸಮೇತ. ಸಲಾಡ್ ಪತ್ತೆಯಾಗಿಲ್ಲ. ಬಟನ್‌ನ ಹೇಳಿಕೆ ಪಡೆಯಲಾಗಿದ್ದು, ಅದು ತೇಗಿರುತ್ತದೆ.

– ಲೂನ್ ಹಕ್ಕಿಗೆ, ಸೂಕ್ತ ಕ್ರಮಕ್ಕಾಗಿ.

– ಶ್ರೀ ಆರ್ವಿಡ್ ಹಾಗೆನ್ ಅವರಿಗೆ. ಕರಡನ್ನು ಇಂದು ಬೆಳಿಗ್ಗೆ ಗಟ್ಟಿಯಾಗಿ ಓದಿ ಹೇಳಲಾಯಿತು. ಎಂಟನೆಯ ಕಲಮಿಗೆ ಬಂದಾಗ ‘ಆಯ್ತೋ ಪುಣ್ಯಾತ್ಮ, ನಿಲ್ಸು, ಕರ್ಕೊಂಡು ಹೋಗ್ತೀನಿ’ ಎಂಬ ಉತ್ತರ ಸ್ವೀಕೃತವಾಗಿದೆ.

– ಐಸ್ ಪೆಟ್ಟಿಗೆಗೆ. ಸದ್ಯ ಈ ಘಟಕದ ಜಗಲಿಯಲ್ಲಿದೆ, ಪಾಲಕನ ಕಣ್ಗಾವಲಿನಲ್ಲಿ. ತೂಕ ಸ್ವಲ್ಪ ಇಳಿದಿದೆ.

– ವ್ಯಾಫಲ್‌ಗೆ. ದಡದಲ್ಲಿ ಹುಡುಕಲಾಗಿ ಸಿಗಲಿಲ್ಲ. ದೋಣಿಯ ಮುಂಭಾಗದಲ್ಲಿ ಕಿವಿ ಹಾರಿಸುತ್ತ ಕೂತಿರುವುದು ಕಂಡುಬಂದಿದೆ. ವಾಪಸು ಬಂದ ಮೇಲೆ, ಅದಕ್ಕೆ ಬಿಡುವಾದಾಗ, ಓದಿ ಹೇಳಲಾಗುವುದು.